ಗಲ್ಲದ ಮೇಲಿನ ಬೂದಿ

ಹುಣಸೂರಿನ ಲೇಡಿ ಡಾಕ್ಟರ ಹತ್ತಿರ ಹೊರಡುವ ಬೆಳಿಗ್ಗೆ ಸುನಂದಮ್ಮ ಮಗಳು ವಾಣಿಶ್ರೀಯನ್ನು ಒಲೆಯ ಮುಂದೆ ಕೂರಿಸಿಕೊಂಡಳು. ಹಿಡಿತ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಂಡು, ಹುಡುಗಿಯ ಗಲ್ಲದ ಮೇಲೂ ತುಟಿಯ ಮೇಲೂ ಎದ್ದಿದ್ದ ಕಪ್ಪು ಕೂದಲನ್ನು ಒಂದೊಂದೇ ಕಿತ್ತಳು. ಬೆಟ್ಟದಪುರದ ಬಸ್ಸಿನಲ್ಲಿ ಊರಿಗೆ ಊರೇ ಇರುತ್ತದೆ. ಯಾರ ಕಣ್ಣಿಗೂ ಬೀಳಬಾರದು. ಹುಡುಗಿ ಕಣ್ಣು ಒರೆಸಿಕೊಂಡಳೇ ಹೊರತು ಬೇಡ ಎನ್ನಲಿಲ್ಲ.

ಸುನಂದಮ್ಮನ ಎದೆಯೊಳಗಿದ್ದ ಭಯ ಬೇರೆ. ಪಕ್ಕದ ಮನೆಯ ಸಣ್ಣತಾಯಮ್ಮ ಅಂದಿದ್ದಳು: "ನಮ್ಮ ಭೇರ್ಯದ ಕಡೆ ಒಬ್ಬಳಿಗೆ ಇಂಗೇ ಕೂದ್ಲು ಬಂದು, ನೋಡುದ್ರೆ ಒಟ್ಟೇಲಿ ಗೆಡ್ಡೆ ಕಣವ್ವ. ವರ್ಸ ಉಳೀಲಿಲ್ಲ." ಅಂದಿನಿಂದ ಸುನಂದಮ್ಮನಿಗೆ ತುತ್ತು ಇಳಿದಿರಲಿಲ್ಲ.

ಡಾಕ್ಟರು ಮುಖ ನೋಡಿದರು. "ಕೂದಲು ಎಲ್ಲಮ್ಮ?"

"ನಾನೇ ಕಿತ್ತೆ ಕಣ್ರೀ. ಬಸ್ಸಲ್ಲಿ ಜನ ನೋಡ್ತಾರೆ ಅಂತ."

"ಜನರಿಂದ ಬಚ್ಚಿಡಿ, ನನ್ನಿಂದಲೂ ಬಚ್ಚಿಟ್ಟರೆ ನಾನೇನು ನೋಡಲಿ? ಮುಂದಿನ ಸಲ ಹಾಗೇ ಕರೆದುಕೊಂಡು ಬನ್ನಿ."

ಪರದೆಯ ಹಿಂದೆ ಹೊಟ್ಟೆ, ಬೆನ್ನು ನೋಡಿ ಬಂದು ಕೇಳಿದರು, "ಇದ್ದಕ್ಕಿದ್ದಂತೆ ಬಂತಾ?"

"ಇಲ್ಲ ಮೇಡಂ, ಹೈಸ್ಕೂಲಿಂದ ನಿಧಾನಕ್ಕೆ," ಎಂದಳು ವಾಣಿಶ್ರೀ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಎಂದೂ ಹೇಳಿದಳು.

"ದನಿ ಗಡುಸಾಗಿದೆಯಾ?"

"ಹೂಂ, ಆಗದೆ," ಎಂದಳು ಸುನಂದಮ್ಮ, ಮಗಳಿಗಿಂತ ಮುಂಚೆ. "ಈ ತಿಂಗಳಲ್ಲಿ ಗಂಡುದನಿ ಆಗೋಗದೆ."

ಡಾಕ್ಟರ ಪೆನ್ನು ನಿಂತಿತು. ಅವರು ತಲೆಯೆತ್ತಿ ಸುನಂದಮ್ಮನನ್ನೇ ನೋಡಿದರು.

"ನಿಮ್ಮ ಗಂಟಲಿಗೇನಾಗಿದೆ ಮತ್ತೆ?"

"ನಂದಾ? ಒಣಗಿದ ಒಗೆಸೊಪ್ಪು ಬಿಡಿಸಿ ಬೇರೆ ಮಾಡ್ತಾ ಇದೀವಲ್ರೀ, ಆ ದೂಳಿಗೆ ಗಂಟ್ಲು ಕಟ್ಕೊಂಡದೆ."

"ಇವಳೂ ಆ ಕೆಲಸಕ್ಕೆ ಕೂರ್ತಾಳಾ?"

"ಕಾಲೇಜಿಂದ ಬಂದು ಕೂರ್ತಾಳೆ."

"ಅಪ್ಪನ ದನಿನೂ ಅಂಗೇ ಆಗದೆ ಕಣವ್ವ," ಎಂದಳು ವಾಣಿಶ್ರೀ. "ಮನೇಲಿ ಸರಿಯಾಗಿ ಕೂಗೋದು ಎಮ್ಮೆ ಒಂದೇ."

ಡಾಕ್ಟರು ನಕ್ಕರು. ಆದರೂ ರಕ್ತ, ಸ್ಕ್ಯಾನ್ ಎರಡಕ್ಕೂ ಕಳಿಸಿದರು. ಸ್ಕ್ಯಾನ್ ಕೋಣೆಯ ಹೊರಗೆ ಮಗಳ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಸುನಂದಮ್ಮನಿಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ.

"ಗೆಡ್ಡೆ ಕಾಣ್ತಿಲ್ಲ," ಎಂದರು ಡಾಕ್ಟರು. "ಹಾರ್ಮೋನಿನ ಏರುಪೇರು ಅನ್ನಿಸುತ್ತೆ, ತುಂಬ ಹೆಣ್ಣುಮಕ್ಕಳಿಗೆ ಇರುತ್ತೆ. ಸೋಮವಾರ ರಕ್ತದ ರಿಪೋರ್ಟ್ ನೋಡಿ ಮಾತ್ರೆ ಶುರು ಮಾಡೋಣ. ಕೂದಲು ಕಡಿಮೆಯಾಗೋಕೆ ಆರು ತಿಂಗಳಾದರೂ ಬೇಕು, ಗಾಬರಿ ಆಗಬೇಡಿ."

ಅರ್ಧ ಭಯ ಇಳಿಯಿತು, ಅರ್ಧ ಸೋಮವಾರದವರೆಗೆ ಉಳಿಯಿತು. ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನೋಡಿದರೆ ಮಗಳ ಗಲ್ಲದ ಕೆಳಗೆ ಬೆಳಗಿನ ಬೂದಿ ಹಾಗೇ ಇತ್ತು. ಬಸ್ಸಿನವರೆಲ್ಲ ಅದನ್ನೇ ನೋಡಿರಬೇಕು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದಳು.

"ಸೋಮವಾರ ಕೀಳಬ್ಯಾಡ ಕಣವ್ವ. ಅಂಗೇ ಬರಬೇಕಂತೆ," ಎಂದಳು ವಾಣಿಶ್ರೀ.

ಸುನಂದಮ್ಮ ಬಸ್ಸು ಹತ್ತುತ್ತಿದ್ದ ಜನರನ್ನು ನೋಡಿದಳು.

"ಅಂಗೇ ಬರಾಣ," ಎಂದಳು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನತ್ತ ನಡೆದಳು.