ಹಾಲೇಶರ ಸಹಿ

ತನುಜಾಳಿಗೆ ಕೋಪ ಬಂದರೆ ಹಸಿವು ಕಟ್ಟಿಹೋಗುತ್ತಿತ್ತು. ಆ ಬುಧವಾರ ಬೆಳಿಗ್ಗೆ ಲೇಪಾಕ್ಷಿಯ ಮನೆಯಲ್ಲಿ ತಟ್ಟೆಗೆ ಹಾಕಿದ್ದ ದೋಸೆಯನ್ನು ಹಾಗೇ ಬಿಟ್ಟು ಹಿಂದೂಪುರದ ಬಸ್ಸು ಹತ್ತಿದಳು. ದಿನವೂ ಹತ್ತುವ ಬಸ್ಸೇ. ಆದರೆ ಅವತ್ತು ಹಿಂದೂಪುರದಲ್ಲಿಳಿದು ತನ್ನ ಡಿಟಿಪಿ ಅಂಗಡಿಯ ಷಟರ್ ಎತ್ತಲಿಲ್ಲ. ಪೆನುಕೊಂಡಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗದ ದಾರಿ ಹಿಡಿದಳು. ಹಾಲೇಶ್ ಎಂಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಚೆನ್ನಾಗಿ ನಾಲ್ಕು ಮಾತು ಅನ್ನಬೇಕಾಗಿತ್ತು.

ಹಾಲೇಶರ ಮುಖವನ್ನು ಅವಳು ನೋಡಿರಲಿಲ್ಲ. ಅವರ ಹೆಸರನ್ನು ಮಾತ್ರ ಮೂರು ತಿಂಗಳಿಂದ ದಿನಾ ನೋಡುತ್ತಿದ್ದಳು.

ಮೈಸೂರಿನ ಕೇಶವಯ್ಯ ಎಂಬ ನಿವೃತ್ತ ಉಪನ್ಯಾಸಕರೂ ಅವರ ಸುತ್ತ ಹತ್ತಿಪ್ಪತ್ತು ಜನರೂ ಸೇರಿ, ನಮ್ಮ ಭಾಷೆಗಳು ಸಲೀಸಾಗಿ ಓಡುವಂಥ ಒಂದು ಲಿನಕ್ಸ್, ಎಂದರೆ ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ, ತಯಾರು ಮಾಡುತ್ತಿದ್ದರು. ತನುಜಾಳೂ ಅವರಲ್ಲೊಬ್ಬಳು. ಯಾರಿಗೂ ಸಂಬಳವಿಲ್ಲ. ಅದರೊಳಗಿನ ಒಂದೊಂದು ತಂತ್ರಾಂಶಕ್ಕೂ ಒಬ್ಬೊಬ್ಬರು ದಿಕ್ಕು. ಎಲ್ಲೋ ಯಾರೋ ಬರೆದ ಮೂಲವನ್ನು ತಂದು, ಈ ಲಿನಕ್ಸಿಗೆ ಹೊಂದುವಂತೆ ತಿದ್ದಿ, ಕಂಪ್ಯೂಟರಿನಲ್ಲಿ ಕಟ್ಟಿಸಿ, ಪ್ಯಾಕೇಜು ಮಾಡಿ, ತಮ್ಮ ಸಹಿ ಹಾಕಿ ಇಂಟರ್ನೆಟ್ಟಿನಲ್ಲಿರುವ ಉಗ್ರಾಣಕ್ಕೆ ಕಳಿಸುವುದು ಅವರ ಕೆಲಸ. ಶೇಂಗಾ ಸುಲಿದು, ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಮೇಲೆ ಹೆಸರು ಬರೆದ ಹಾಗೆ. ಸಹಿ ಎಂದರೆ ಶಾಯಿಯದ್ದಲ್ಲ. ಪ್ರತಿಯೊಬ್ಬರಿಗೂ ಅವರದೇ ಒಂದು ಗುಪ್ತ ಕೀಲಿ ಇರುತ್ತದೆ, ಆ ಕೀಲಿ ಅವರೊಬ್ಬರಿಗೇ ಗೊತ್ತಿರುವ ಒಂದು ಮಾತು ಹೇಳಿದರೆ ಮಾತ್ರ ತೆರೆಯುತ್ತದೆ.

ಕನ್ನಡ, ತೆಲುಗು ಟೈಪ್ ಮಾಡುವ ತಂತ್ರಾಂಶ ಹಾಲೇಶರದ್ದು. ಅದರಲ್ಲೊಂದು ದೊಡ್ಡ ತೊಂದರೆ ಹುಟ್ಟಿಕೊಂಡಿತ್ತು. ಅವರು ಹಳೆಯ ಯಂತ್ರದಲ್ಲಿ ಕಟ್ಟಿ ಕಳಿಸುತ್ತಿದ್ದದ್ದು ಹೊಸ ಲಿನಕ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಅರ್ಧ ಪುಟ ಟೈಪ್ ಮಾಡುವಷ್ಟರಲ್ಲಿ ಪಟಕ್ಕನೆ ಮುಚ್ಚಿಕೊಂಡು ಬರೆದದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಅವಳ ಅಂಗಡಿಯಲ್ಲೇ ಮುನಿಯಕ್ಕ ಎಂಬ ಮುದುಕಿಯ ಪಿಂಚಣಿ ಅರ್ಜಿ ಮೂರು ಸಲ ಅಳಿಸಿಹೋಗಿತ್ತು. ಹಾಲೇಶರಿಗೆ ಬರೆದ ಪತ್ರಗಳಿಗೆ ಉತ್ತರವಿಲ್ಲ. ಕೊನೆಗೆ ತನುಜಾ ತಾನೇ ದೋಷ ಹುಡುಕಿ, ಸರಿಪಡಿಸಿ, ಕಟ್ಟಿ ಕಳಿಸಿದಳು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅದರ ಮೇಲೆ ಹಾಲೇಶರ ಹಳೆಯ ಪ್ಯಾಕೇಜೇ ಬಂದು ಕೂತಿತ್ತು, ಆವೃತ್ತಿ ಸಂಖ್ಯೆಯಲ್ಲಿ ಅವಳದ್ದಕ್ಕಿಂತ ಒಂದು ಅಂಕಿ ಹೆಚ್ಚಾಗಿ. ಉಗ್ರಾಣ ಯಾವತ್ತೂ ದೊಡ್ಡ ಅಂಕಿಯನ್ನೇ ನಂಬುತ್ತದೆ. ಅವಳು ಮತ್ತೆ ಕಳಿಸಿದಳು. ಅವರು ಮತ್ತೆ ಒಂದು ಹೆಚ್ಚು ಮಾಡಿದರು. ಹೀಗೆ ಮೂರು ತಿಂಗಳು.

ಅಷ್ಟು ಸಾಲದೆಂಬಂತೆ ಅವರ ಎಲ್ಲ ಪ್ಯಾಕೇಜಿನ ಮೇಲೂ ಒಂದೇ ತಾರೀಕು ಇರುತ್ತಿತ್ತು. ಎರಡು ಸಾವಿರದ ಮೂರು, ಜನವರಿ ಒಂದು. ನಡೆಯುತ್ತಿದ್ದದ್ದು ಎರಡು ಸಾವಿರದ ಎಂಟು ನವೆಂಬರ್. ಮನುಷ್ಯ ತನ್ನನ್ನು ಅಣಕಿಸುತ್ತಿದ್ದಾನೆ ಎಂದೇ ತನುಜಾ ತಿಳಿದಳು. ಶುಕ್ರವಾರ ಉಗ್ರಾಣದ ಬಾಗಿಲು ಮುಚ್ಚಿ ಸಿಡಿ ಅಚ್ಚಾಗುವುದಿತ್ತು. ಅಷ್ಟರೊಳಗೆ ಹಾಲೇಶರು ನಿಲ್ಲಿಸದಿದ್ದರೆ ಕೆಟ್ಟುಹೋದ ತಂತ್ರಾಂಶವೇ ಊರೂರಿಗೆ ಹೋಗುತ್ತದೆ. ಕೇಶವಯ್ಯನವರನ್ನು ಕೇಳಿದರೆ, "ಅವರು ನಮಗೆಲ್ಲ ಹಿರಿಯರಮ್ಮ, ಸಹಿಯೂ ಸರಿಯಾಗಿದೆ. ಇಬ್ಬರೂ ಒಂದೇ ಜಿಲ್ಲೆಯವರು, ಕೂತು ಮಾತಾಡಿಕೊಳ್ಳಿ" ಎಂದುಬಿಟ್ಟರು. ಹಿಂದೊಮ್ಮೆ ಹಾಲೇಶರು ಅಂಚೆಯಲ್ಲಿ ಕಳಿಸಿದ್ದ ಸಿಡಿಯ ಲಕೋಟೆಯ ಮೇಲೆ ವಿಳಾಸವಿತ್ತು. ಅದನ್ನೇ ಹಿಡಿದು ಹೊರಟಿದ್ದಳು.

ಕಲ್ಯಾಣದುರ್ಗದಲ್ಲಿ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದವಳು ನಲವತ್ತರ ಆಸುಪಾಸಿನ ಹೆಂಗಸು, ಹಣೆಯಲ್ಲಿ ಅಗಲವಾದ ವಿಭೂತಿ.

"ಹಾಲೇಶ್ ಸಾರ್ ಮನೆ ಇದೇನಾ ಅಕ್ಕ? ನಾನು ಹಿಂದೂಪುರದಿಂದ ಬಂದಿದೀನಿ, ತನುಜಾ ಅಂತ. ಕಂಪ್ಯೂಟರ್ ವಿಷಯ ಮಾತಾಡ್ಬೇಕಿತ್ತು."

"ಇದೇ ಕಣಮ್ಮ. ನಾನು ಅವ್ರ ಮನೆಯೋಳು, ಭ್ರಮರಾಂಬ. ಬಾ, ಕೂತ್ಕ. ಒಳಗವ್ರೆ, ಕೆಲಸ ನಡೀತಾ ಐತೆ. ಕಾಫಿ ತತ್ತೀನಿ."

ತನುಜಾ ಪಡಸಾಲೆಯ ಬೆಂಚಿನ ಮೇಲೆ ಕೂತಳು. ಒಳಕೋಣೆಗೆ ಅರ್ಧ ಸರಿಸಿದ ಪರದೆ. ಅದರಾಚೆ ಒಂದು ಕುರ್ಚಿಯ ಬೆನ್ನು, ಬೆನ್ನಿನ ಮೇಲೆ ಮಡಿಸಿ ಹಾಕಿದ ಟವೆಲು, ಕಂಪ್ಯೂಟರಿನ ಫ್ಯಾನು ತಿರುಗುವ ಸದ್ದು. ಪ್ಯಾಕೇಜು ಕಟ್ಟಿಕೊಳ್ಳುವಾಗ ಮಾನಿಟರಿನ ಮೇಲೆ ಸಾಲುಗಳು ಸರಸರ ಏರುತ್ತವಲ್ಲ, ಅದರ ಬೆಳಕು ಗೋಡೆಯ ಮೇಲೆ ನಡುಗುತ್ತಿತ್ತು. ಬಂದವರನ್ನು ಒಂದು ಮಾತು ಆಡಿಸದ ದೊಡ್ಡಸ್ತಿಕೆ ಕಂಡು ಅವಳಿಗೆ ಮೈ ಉರಿಯಿತು.

"ಸಾರ್," ಎಂದಳು, ಪರದೆಯಾಚೆ ಕೇಳಿಸುವಷ್ಟು ಗಟ್ಟಿಯಾಗಿ. "ನಿಮ್ಮ ಹಠ ನಿಮಗಿರಲಿ ಸಾರ್. ನಿಮ್ಮಿಂದ ಬಡವರ ಅರ್ಜಿಯೆಲ್ಲ ಹಾಳಾಗ್ತಾ ಐತೆ. ಒಂದು ಪತ್ರಕ್ಕೆ ಉತ್ತರ ಕೊಡೋಕೂ ನಿಮಗೆ ಪುರುಸೊತ್ತಿಲ್ವಾ?"

ಸ್ವಲ್ಪ ಹೊತ್ತಿಗೆ ಒಳಗೆ ಯಂತ್ರ ಕೀಂಯ್ ಎಂದಿತು. ಅಡುಗೆಮನೆಯಿಂದ ಭ್ರಮರಾಂಬ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬೇಗಬೇಗ ಬಂದು ಕೋಣೆಗೆ ಹೋದಳು. ಕೀಬೋರ್ಡಿನ ಸದ್ದಾಯಿತು. ತನುಜಾ ತಡೆಯಲಾರದೆ ಎದ್ದು ಪರದೆ ಸರಿಸಿದಳು.

ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಭ್ರಮರಾಂಬ ಅದರ ಪಕ್ಕದಲ್ಲಿ ನಿಂತೇ ಬಗ್ಗಿ, ಒಂದೇ ಬೆರಳಲ್ಲಿ ಅಕ್ಷರ ಒತ್ತುತ್ತಿದ್ದಳು. ಗೋಡೆಯ ಮೇಲೆ ಕನ್ನಡಕ ಹಾಕಿದ ಗಂಡಸಿನ ಫೋಟೋ, ಅದಕ್ಕೆ ವಿಭೂತಿ, ಒಂದು ಎಕ್ಕದ ಹೂವಿನ ಹಾರ. ಇಷ್ಟು ಹೊತ್ತು ತಾನು ಯಾರನ್ನು ಬೈದೆ ಎಂದು ನೆನೆದರೆ ತನುಜಾಳಿಗೆ ಭಯವೇ ಆಯಿತು.

"ಅಕ್ಕಾ... ಸಾರ್ ಎಲ್ಲಿ?"

"ಹೋಗಿ ಮೂರು ವರ್ಷ ಆಯ್ತು ಕಣಮ್ಮ. ಮೊನ್ನೆ ಶ್ರಾವಣಕ್ಕೆ ತುಂಬ್ತು."

"ಒಳಗವ್ರೆ ಅಂದ್ರಲ್ಲ!"

"ಒಳಗೇ ಅವ್ರೆ," ಎಂದಳು ಭ್ರಮರಾಂಬ, ತಪ್ಪೇನೂ ಹೇಳದವಳ ಹಾಗೆ. "ಇಲ್ನೋಡು, ಅವ್ರ ಹೆಸ್ರು ಬತ್ತದೆ. ಬಂದು, ಆ ಮಾತು ಕೇಳ್ತದೆ."

ಆಮೇಲೆ ಬೆಂಚಿನ ಮೇಲೆ ಕೂತು ಆಕೆ ಹೇಳಿದ್ದಿಷ್ಟು. ಹಾಲೇಶರಿಗೆ ಮೊದಲು ಬಲಗೈ ಬೆರಳು ಸೋತವು, ಆಮೇಲೆ ಎಡಗೈ. ಹೈದರಾಬಾದಿನ ಡಾಕ್ಟರೂ ಕೈಚೆಲ್ಲಿದರು. ಬೆರಳು ಆಡುವಷ್ಟು ದಿನದೊಳಗೇ ಅವರು ಎಲ್ಲವೂ ತಾನಾಗಿ ನಡೆಯುವಂತೆ ಬರೆದಿಟ್ಟರು. ಯಂತ್ರ ಚಾಲೂ ಮಾಡಿದರೆ ಸಾಕು, ಉಗ್ರಾಣದ ಅಂಕಿ ನೋಡಿಕೊಂಡು, ಅದಕ್ಕೆ ಒಂದು ಸೇರಿಸಿ, ಕಟ್ಟಿ, ಸಹಿಗೆ ಬಂದು ನಿಲ್ಲುತ್ತದೆ. ಅಲ್ಲಿ ಗುಟ್ಟಿನ ಮಾತು ಒತ್ತಲು ಮಾತ್ರ ಒಂದು ಕೈ ಬೇಕು.

"ನೀನೇ ನನ್ನ ಕೈ ಅಂದ್ರು. ಆ ಮಾತು ಹೇಳ್ಕೊಟ್ರು. ನಮ್ಮ ಭಾವ ಅಮರೇಶಪ್ಪನವ್ರಿಗೂ ಹೇಳಿಲ್ಲ ನಾನು. ದಿನಾ ಒಂಬತ್ತಕ್ಕೆ ಕರೆಂಟು ಬತ್ತದೆ, ಹಾಕ್ತೀನಿ. ದಿನಾ ಒಂದು ಸಲ ಕೇಳ್ತದೆ, ಹೇಳ್ತೀನಿ. ನಮ್ಮಿಬ್ಬರ ನಡುವೆ ಉಳಿದಿರೋ ಮಾತು ಅದೊಂದೇ ಕಣಮ್ಮ."

"ತಾರೀಕು ಯಾಕೆ ಹಂಗೈತೆ ಅಕ್ಕ? ಒಳಗಿನ ಬ್ಯಾಟರಿ ಹೋಗಿರ್ಬೇಕು. ಅದು ಹೋದ್ರೆ ಹಾಕಿದಾಗೆಲ್ಲ ಹಳೇ ದಿನಕ್ಕೇ ಬಂದು ನಿಲ್ತದೆ."

"ಹೋಗೈತೆ. ಭಾವ ಹೊಸದು ತಂದ್ಕೊಟ್ಟವ್ರೆ. ನಾನೇ ಹಾಕ್ಸಿಲ್ಲ." ಭ್ರಮರಾಂಬ ನಕ್ಕಳು. "ಅದು ತೋರ್ಸೋ ಆ ದಿನ ಅವ್ರ ಕೈ ಚೆನ್ನಾಗಿತ್ತು. ಚಿತ್ರಾನ್ನ ತಿಂದ ಕೈಯಲ್ಲೇ ಕೂತು ಆ ಕೀಬೋರ್ಡಿಗೆಲ್ಲ ಅರಿಶಿನ ಮೆತ್ತಿಟ್ಟಿದ್ರು, ನಾನು ಬೈದಿದ್ದೆ."

ತನುಜಾಳಿಗೆ ಆಗ ಎಲ್ಲ ತಿಳಿಯಿತು. ಹಾಲೇಶರ ಕೀಲಿಗೆ ಎರಡು ಸಾವಿರದ ಆರರ ಕೊನೆಯವರೆಗೆ ಮಾತ್ರ ಆಯುಷ್ಯ, ಆಮೇಲೆ ಅದರ ಸಹಿ ನಡೆಯಬಾರದಿತ್ತು. ಆದರೆ ಈ ಕೋಣೆಗೆ ಎರಡು ಸಾವಿರದ ಆರು ಬಂದೇ ಇರಲಿಲ್ಲ. ಇಲ್ಲಿ ದಿನಾ ಅದೇ ಜನವರಿ ಒಂದು, ದಿನಾ ಗಂಡನ ಕೈ ನೆಟ್ಟಗಿತ್ತು, ದಿನಾ ಅವನ ಸಹಿ ನಡೆಯುತ್ತಿತ್ತು.

ಫೋನು ಹಿಡಿದು ಬೀದಿಗೆ ಹೋಗಿ ಕೇಶವಯ್ಯನವರಿಗೆ ಹೇಳಿದಳು.

"ಮೂರು ವರ್ಷ ನಾವು ಯಾರ ಜೊತೆ ಕೆಲಸ ಮಾಡ್ತಿದ್ವಮ್ಮ!" ಎಂದರು ಅವರು. "ಸರಿ, ಆ ಹೆಣ್ಣುಮಗಳಿಗೆ ಏನೂ ಹೇಳಬೇಡ. ನಾನು ಇಲ್ಲಿಂದಲೇ ಅವರ ಕೀಲಿಯನ್ನು ಪಟ್ಟಿಯಿಂದ ತೆಗೆಸ್ತೀನಿ. ಅಲ್ಲಿ ಯಂತ್ರ ಕೇಳ್ತಿರಲಿ, ಆಕೆ ಹೇಳ್ತಿರಲಿ. ಕಳಿಸಿದ್ದನ್ನ ನಾವು ತಗೊಳ್ಳೋದಿಲ್ಲ, ಅಷ್ಟೇ."

ತನುಜಾಳಿಗೂ ಅದೇ ಒಳ್ಳೆಯದೆನ್ನಿಸಿತು. ಯಾರ ಮನಸ್ಸೂ ನೋಯುವುದಿಲ್ಲ, ಸಿಡಿಯೂ ನೆಟ್ಟಗಿರುತ್ತದೆ. ಹೋಗಿಬರುತ್ತೇನೆಂದು ಹೇಳಲು ಒಳಗೆ ಬಂದಳು. ಭ್ರಮರಾಂಬ ಕಾಫಿ ಹಿಡಿದು ನಿಂತಿದ್ದಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನೀನು ಆಗ್ಲೇ ಅವ್ರಿಗೆ ಜೋರು ಮಾಡಿದ್ದು ಅಡುಗೆಮನೇಗೂ ಕೇಳುಸ್ತು. ಬಡವರ ಅರ್ಜಿ ಹಾಳಾಯ್ತದೆ ಅಂದೆ. ಹೌದಾ?"

ಲೋಟ ಬಿಸಿಯಿತ್ತು. ಇಲ್ಲ ಎಂದುಬಿಟ್ಟರೆ ಹನ್ನೆರಡು ಗಂಟೆಯ ಬಸ್ಸು ಸಿಗುತ್ತಿತ್ತು. ಮೂರು ವರ್ಷ ಒಂದು ದಿನ ತಪ್ಪಿಸದೆ ದುಡಿದವಳ ಎದುರು ನಿಂತು ಸುಳ್ಳು ಹೇಳಲು ತನುಜಾಳಿಗೆ ನಾಲಿಗೆ ಏಳಲಿಲ್ಲ.

"ಹೌದು ಅಕ್ಕ. ಲಿನಕ್ಸ್ ಬದಲಾಗೈತೆ, ಇಲ್ಲಿಂದ ಹೋಗೋದು ಹಳೇದು. ಜನ ಬರೆದದ್ದೆಲ್ಲ ಅಳಿಸಿಹೋಯ್ತದೆ."

"ಅವ್ರ ಹೆಸ್ರಲ್ಲೇ?"

"ಅವ್ರ ಹೆಸ್ರಲ್ಲೇ."

"ಬೈತಾರಾ?"

"ಬೈತಾರೆ. ನಾನೇ ಬೈದಿದೀನಿ."

ಭ್ರಮರಾಂಬ ಕೋಣೆಯ ಕಡೆ ನೋಡುತ್ತ ನಿಂತಳು. ಕಣ್ಣಲ್ಲಿ ನೀರೇನೂ ಇರಲಿಲ್ಲ. ಮುಖ ಮಾತ್ರ ಒಮ್ಮೆಗೇ ವಯಸ್ಸಾದಂತೆ ಕಂಡಿತು.

"ಕಾಯಿಲೆ ಬಿದ್ದಾಗ್ಲೂ ಒಬ್ರ ಕೈಲಿ ಒಂದು ಮಾತು ಅನ್ನಿಸ್ಕಂಡೋರಲ್ಲ ಅವ್ರು," ಎಂದಳು. "ನಿಲ್ಲಿಸ್ಬುಡಾಣ. ಏನು ಮಾಡ್ಬೇಕು ಹೇಳು."

ಮೈಸೂರಿನಲ್ಲಿ ತೆಗೆಸಿಬಿಡುತ್ತಾರೆ, ನೀವೇನೂ ಮಾಡುವುದು ಬೇಡ ಎಂದು ತನುಜಾ ಹೇಳಿನೋಡಿದಳು. ಭ್ರಮರಾಂಬ ತಲೆಯಾಡಿಸಿದಳು. ಬೇರೆ ಯಾರೋ ಅವರ ಹೆಸರು ಹೊಡೆದುಹಾಕುವುದು ಬೇಡ, ಅವರೇ ಬಿಟ್ಟಂತೆ ಆಗಬೇಕು ಎಂದಳು. ಅದಕ್ಕೂ ದಾರಿಯಿತ್ತು. ಕೀಲಿಯ ಒಡೆಯ ತಾನೇ ತನ್ನ ಕೀಲಿಯನ್ನು ರದ್ದು ಮಾಡಿ ಲೋಕಕ್ಕೆ ತಿಳಿಸಬಹುದು. ಆದರೆ ಆ ರದ್ದಿನ ಮೇಲೆ ಹಳೇ ತಾರೀಕು ಬೀಳದಂತೆ ಮೊದಲು ಯಂತ್ರಕ್ಕೆ ನಿಜವಾದ ತಾರೀಕು ಹೇಳಬೇಕಿತ್ತು.

"ನಾನೇ ಹೇಳ್ತೀನಿ, ಎಲ್ಲಿ ಒತ್ತೋದು ತೋರ್ಸು," ಎಂದಳು ಭ್ರಮರಾಂಬ.

ಎರಡು ಸಾವಿರದ ಎಂಟು, ನವೆಂಬರ್ ಹತ್ತೊಂಬತ್ತು. ಒತ್ತಿದ ಕೂಡಲೇ ಮೂಲೆಯ ಅಂಕಿ ಬದಲಾಯಿತು. ಸುಮಾರು ಆರು ವರ್ಷ, ಒಂದು ಸದ್ದೂ ಇಲ್ಲದೆ. ಸೋತ ಬೆರಳು, ಹೈದರಾಬಾದಿನ ಆಸ್ಪತ್ರೆ, ಆ ಶ್ರಾವಣ, ಎಲ್ಲ ಅದರಲ್ಲಿ ಕಳೆದುಹೋದವು.

"ಅಷ್ಟೇನಾ?" ಎಂದಳು ಭ್ರಮರಾಂಬ.

ತನುಜಾ ಆಜ್ಞೆ ಬರೆದುಕೊಟ್ಟಳು. ಯಂತ್ರ ಕಾರಣ ಕೇಳಿತು. ಇಂಗ್ಲಿಷಿನಲ್ಲಿದ್ದ ನಾಲ್ಕು ಸಾಲನ್ನೂ ತನುಜಾ ಕನ್ನಡದಲ್ಲಿ ಓದಿ ಹೇಳಿದಳು: ಸೊನ್ನೆ ಒತ್ತಿದರೆ ಕಾರಣವಿಲ್ಲ ಅಂತ. ಒಂದು ಒತ್ತಿದರೆ ಕೀಲಿ ಬೇರೆಯವರ ಕೈಗೆ ಸಿಕ್ಕಿದೆ ಅಂತ. ಎರಡಕ್ಕೆ ಹೊಸ ಕೀಲಿ ಬಂದಿದೆ ಅಂತ. ಮೂರಕ್ಕೆ ಈ ಕೀಲಿಯನ್ನು ಇನ್ನು ಬಳಸುವುದಿಲ್ಲ ಅಂತ.

"ಮೂರು ಒತ್ತಿ ಅಕ್ಕ."

ಭ್ರಮರಾಂಬ ಒಂದು ಒತ್ತಿದಳು.

"ಅದು ಕದ್ದೋರ ಕೈಗೆ ಹೋದಾಗ ಒತ್ತೋದು ಅಕ್ಕ. ನೀವೇನು ಕದ್ದಿಲ್ಲ."

"ಅವ್ರು ಕೊಟ್ಟಿದ್ದು ಅವ್ರಿರೋಗಂಟ. ಆಮೇಲಿಂದೆಲ್ಲ ನಾನೇ ತಾನೇ? ಇರೋದನ್ನ ಇದ್ದಂಗೆ ಬರ್ಕಳ್ಲಿ ಬುಡು."

ತನುಜಾ ಮತ್ತೆ ತಿದ್ದಲು ಹೋಗಲಿಲ್ಲ. ಯಂತ್ರ ಖಚಿತವೇ ಎಂದು ಕೇಳಿತು, ಹೌದೆಂದಾಯಿತು. ಆಮೇಲೆ ಹಾಲೇಶರ ಹೆಸರು ಬಂತು. ಹೆಸರಿನ ಕೆಳಗೆ, ಗುಟ್ಟಿನ ಮಾತಿಗಾಗಿ ಒಂದು ಖಾಲಿ ಗೆರೆ. ಈ ಸಲ ಹೇಳಿದರೆ ಮುಂದೆಂದೂ ಹೇಳುವಂತಿಲ್ಲ ಎಂದು ತನುಜಾ ಬಾಯಿಬಿಟ್ಟು ತಿಳಿಸಿದಳು. ತಿಳಿಸಿ, ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತಳು.

ಹಿಂದೆ ಕುರ್ಚಿ ಕಿರ್ರೆಂದಿತು. ಭ್ರಮರಾಂಬ ಕೂತಿದ್ದಳು.

"ತನುಜಾ," ಎಂದಳು. ಆ ದನಿಯಲ್ಲಿ ಹೊಸದಾಗಿ ಮದುವೆಯಾದವರ ಸಂಭ್ರಮದಂಥದ್ದೇನೋ ಇತ್ತು. "ಬೆಳಿಗ್ಗೆ ಒಂದ್ಸಲ ಆ ಮಾತು ಕೇಳಿದ್ರು ಇವ್ರು. ಈಗ ತಿರ್ಗ ಕೇಳ್ತಾವ್ರೆ. ಒಂದೇ ದಿನ ಎರಡು ಸಲ ಯಾವತ್ತೂ ಕೇಳಿರ್ಲಿಲ್ಲ ಕಣಮ್ಮ."

ಆಮೇಲೆ ಒಂದೊಂದೇ ಅಕ್ಷರ ಒತ್ತತೊಡಗಿದಳು.