ಪನ್ನೀರು ಗುಲಾಬಿಯ ಬಿ.ಪಿ.

"ಬೇಗ ಕತ್ತರ್ಸು ಗಿರಿಯಕ್ಕ! ಆಕಿ ಚಾ ತರಾಕೆ ಕೆಳಗೆ ಹೋಗ್ಯಾಳೆ" ಎಂದು ಹಜೀರಾಬೀ ಪಿಸುಗುಟ್ಟಿದಳು.

ಗಿರಿಯಮ್ಮ ಕತ್ತರಿ ಹಿಡಿದು ಇನ್ನೊಮ್ಮೆ ಮೆಟ್ಟಿಲ ಕಡೆ ನೋಡಿದಳು. ಐವತ್ತೆಂಟು ವರ್ಷದಲ್ಲಿ ಒಬ್ಬರ ಮನೆಯ ಕರಿಬೇವಿನ ಎಲೆಯನ್ನೂ ಕೇಳದೆ ಮುಟ್ಟದ ಹೆಂಗಸು ಈಗ ಪಿ.ಜೆ. ಬಡಾವಣೆಯ ಉಮಾಮಹೇಶ್ವರಿಯ ತಾರಸಿಯಲ್ಲಿ, ಹಾಡುಹಗಲೇ, ಪನ್ನೀರು ಗುಲಾಬಿಯ ಮುಂದೆ ಬಗ್ಗಿ ನಿಂತಿದ್ದಳು.

ಮೂವರೂ ಗೆಳತಿಯರಾದದ್ದು ಸಕ್ಕರೆ ಕಾಯಿಲೆಯ ಡಾಕ್ಟರ ಬಾಗಿಲಲ್ಲಿ. ಟೋಕನ್ ಹಿಡಿದು ಕೂತಿದ್ದಾಗ ಮಾತು ಸಕ್ಕರೆಯಿಂದ ಮಂಡಿನೋವಿಗೆ, ಮಂಡಿನೋವಿನಿಂದ ಬಿಳಿ ಹುಳ ಬಿದ್ದ ದಾಸವಾಳಕ್ಕೆ ಹೊರಳಿತ್ತು. ಅಂದಿನಿಂದ ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿಕೊಂಡು ಪಕ್ಕದ ರಸ್ತೆಯ ಉಮಕ್ಕನ ತಾರಸಿ ಹತ್ತುವುದು ರೂಢಿಯಾಯಿತು. ಹಜೀರಾಬೀ ಹರಿಹರದಿಂದ ಬಸ್ಸಿನಲ್ಲಿ ಒಂದು ಚೀಲ ಹೊಳೆಮರಳು ಹೊತ್ತು ತರುತ್ತಿದ್ದಳು. ಗಿರಿಯಮ್ಮ ವಿನೋಬನಗರದಿಂದ ನಡೆದು ಬರುತ್ತಿದ್ದಳು. ಮಾಗಿಯ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತರೆ ಮೂವರ ಕಾಯಿಲೆಗಳೂ ಕಾಯಿಪಲ್ಲೆಗಳೂ ಮುಗಿಯುವ ಹೊತ್ತಿಗೆ ಊಟದ ವೇಳೆ ಮೀರಿರುತ್ತಿತ್ತು.

ಆ ಗುಲಾಬಿ ಉಮಕ್ಕನ ತವರಿನದು. ಅದರ ವಾಸನೆ ಮೂಗಿಗೆ ಬಡಿದರೆ ಸಾಕು, ಗಿರಿಯಮ್ಮನಿಗೆ ಕಡರನಾಯಕನಹಳ್ಳಿಯ ತನ್ನ ತವರಿನ ಹಿತ್ತಲು ಕಣ್ಣಿಗೆ ಕಟ್ಟುತ್ತಿತ್ತು. ಉಮಕ್ಕ ತನ್ನ ಕೈಯಾರೆ ಎರಡು ಸಲ ಕಡ್ಡಿ ಕೊಟ್ಟಿದ್ದಳು. ಎರಡೂ ಒಣಗಿದವು.

"ಕೊಟ್ಟ ಗುಲಾಬಿ ಹಿಡಿಯಂಗಿಲ್ಲ ಗಿರಿಯಮ್ಮ, ಅದನ್ನ ಕದೀಬೇಕು" ಎಂದಿದ್ದಳು ಉಮಕ್ಕ. "ಹಂಗಂತ ಕದೀರಿ ಅಂತ ನಾ ಹೆಂಗೆ ಹೇಳ್ಲಿ? ಹೇಳಿದ್ರೆ ಕೊಟ್ಟಂಗೇ ಆತಲ್ಲ!"

ಹಜೀರಾಬೀ ಮಾತ್ರ ಹೇಳಿಸಿಕೊಳ್ಳುವವಳಲ್ಲ. ಉಮಕ್ಕನ ಮೂರು ಕಡ್ಡಿ ಆಗಲೇ ಅವಳ ಹಿತ್ತಲಲ್ಲಿ ಹೂ ಬಿಟ್ಟಿದ್ದವು.

ಗಿರಿಯಮ್ಮ ಕಣ್ಣು ಮುಚ್ಚಿ ಕತ್ತರಿ ಒತ್ತಿದಳು. ಗೇಣುದ್ದದ ಕಡ್ಡಿಯನ್ನು ಎಡಗಡೆ ಸೊಂಟಕ್ಕೆ ಸಿಕ್ಕಿಸಿ ಮೇಲೆ ಸೆರಗು ಹೊದ್ದಳು. ಕೆಳಗೆ ಅಡುಗೆಮನೆಯಲ್ಲಿ ಪಾತ್ರೆಗಳು ಢಣಢಣ ಅನ್ನುತ್ತಲೇ ಇದ್ದವು. ಮೂರು ಲೋಟ ಚಾಕ್ಕೆ ಇಷ್ಟೊಂದು ಪಾತ್ರೆ ಯಾಕೋ ಅನ್ನಿಸಿತು. ಬಹಳ ಹೊತ್ತಾದ ಮೇಲೆ ಮೆಟ್ಟಿಲಲ್ಲಿ ಜೋರಾಗಿ ಮೂರು ಸಲ ಕೆಮ್ಮುತ್ತ ಉಮಕ್ಕ ಹತ್ತಿ ಬಂದಳು.

"ಕೆಮ್ಮು ಜೋರೈತಲ್ರಿ ಉಮಕ್ಕ. ಕಷಾಯ ಕುಡೀರಿ" ಎಂದಳು ಗಿರಿಯಮ್ಮ, ಗೋಡೆ ನೋಡುತ್ತ.

"ಕುಡೀತೀನಿ, ಕೂಡ್ರಿ."

ಕೂತಳು. ಮುಳ್ಳೂ ಕೂತಿತು. ಉಮಕ್ಕ ಥೈರಾಯಿಡ್ ಮಾತ್ರೆಯ ಪುರಾಣ ಬಿಚ್ಚಿದಳು, ಹಜೀರಾಬೀ ಸೊಸೆ ಹಾಕಿದ ಮೆಂತ್ಯದ ಪಾತಿಯನ್ನು ಆಡಿಕೊಂಡಳು. ಗಿರಿಯಮ್ಮ ನಕ್ಕರೆ ಚುಚ್ಚುತ್ತಿತ್ತು, ನಗದಿದ್ದರೆ ಅನುಮಾನ ಬರುತ್ತಿತ್ತು. ಅಷ್ಟರಲ್ಲಿ ಉಮಕ್ಕ ಬಿ.ಪಿ. ಮಿಷನ್ ತೆಗೆದಳು. ಮಗ ನಾಗಭೂಷಣ್ ಅದನ್ನು ತಂದುಕೊಟ್ಟಾಗಿನಿಂದ ಯಾರೂ ಆ ಮನೆಯಿಂದ ತೋಳು ಕೊಡದೆ ಪಾರಾಗಿರಲಿಲ್ಲ, ಹಾಲಿನವನು ಕೂಡ.

ಪಟ್ಟಿ ಬಿಗಿಯಿತು, ಮಿಷನ್ ಗುಂಯ್‌ಗುಟ್ಟಿತು. ನೂರಾ ಎಪ್ಪತ್ತೆಂಟು.

"ಅಯ್ಯೋ ಶಿವನೇ! ಮಲಗ್ರಿ, ಮಲಗ್ರಿ! ಎಡಗಡೆ ಮಗ್ಗುಲಾಗ್ರಿ!"

"ಎಡಗಡೆ ಬ್ಯಾಡ್ರಿ ಉಮಕ್ಕ..." ಅನ್ನುವುದರೊಳಗೆ ಉಮಕ್ಕ ಅವಳನ್ನು ಚಾಪೆಗೆ ಉರುಳಿಸಿಯಾಗಿತ್ತು. ಗಿರಿಯಮ್ಮ ಕಿಟಾರನೆ ಕಿರುಚಿದಳು.

"ಎದೆ ನೋವಾ?"

"ಇಲ್ರಿ... ಸ್ವಲ್ಪ ಕೆಳಗೆ."

ಹಜೀರಾಬೀ ಬಾಯಿಗೆ ಸೆರಗು ತುರುಕಿಕೊಂಡು ತೊಂಡೆಚಪ್ಪರದ ಹಿಂದೆ ಹೋಗಿ ನಿಂತಳು.

ಕಡ್ಡಿಯೇನೋ ಹಿಡಿಯಿತು. ಹಳೆಯ ಪೇಂಟ್ ಬಕೆಟ್ಟಿನಲ್ಲಿ ಇಪ್ಪತ್ತೇ ದಿನಕ್ಕೆ ಕೆಂಪು ಚಿಗುರು ಒಡೆಯಿತು. ಅದರ ಶಿಕ್ಷೆ ಮಾತ್ರ ಗಂಡ ಗುತ್ತೆಪ್ಪನಿಗೆ ಆಯಿತು. ಉಮಕ್ಕ ದಿನವೂ ಫೋನ್ ಮಾಡಿ "ಉಪ್ಪು ಬಿಟ್ರಾ?" ಎಂದು ಕೇಳುತ್ತಿದ್ದಳು. ಇನ್ನೊಂದು ಸುಳ್ಳು ಹೇಳಲಾರದೆ ಗಿರಿಯಮ್ಮ ನಿಜವಾಗಿಯೂ ಉಪ್ಪು ಬಿಟ್ಟಳು.

"ಯಾರ್ದೋ ಮನೆ ಗುಲಾಬಿಗೆ ನಾನ್ಯಾಕ ಸಪ್ಪೆ ಸಾರು ಉಣ್ಣಬೇಕು?" ಎಂದು ಗುತ್ತೆಪ್ಪ ಗೊಣಗುತ್ತ ಉಣ್ಣುತ್ತಿದ್ದ. ಉಮಕ್ಕ ಬರುತ್ತಾಳೆಂದರೆ ಬಕೆಟ್ಟನ್ನು ಬಚ್ಚಲಿನ ಹಿಂದೆ ಅಡಗಿಸುವ ಕೆಲಸವೂ ಅವನದೇ.

ಮರುವರ್ಷ ಮಾಗಿಯ ಹೊತ್ತಿಗೆ ಗಿಡ ಸೊಂಟಮಟ್ಟ ಬೆಳೆದು ಮೊಗ್ಗು ತುಂಬಿತ್ತು. ಆಗಲೇ ಹಜೀರಾಬೀಯ ಫೋನ್ ಬಂತು.

"ಗಿರಿಯಕ್ಕ, ಉಮಕ್ಕನ ಗುಲಾಬಿ ಹೋತಂತೆ. ಮಂಡಿ ಆಪರೇಷನ್ ಆಗಿ ಎರಡು ತಿಂಗ್ಳು ತಾರಸಿ ಹತ್ತಲಿಲ್ಲ ನೋಡು. ಮನೆಯೋರು ನೀರು ಹೊಯ್ದೂ ಹೊಯ್ದೂ ಬೇರು ಕೊಳೆಸಿಬಿಟ್ರು. ಒಣಗಿದ ಬೊಡ್ಡೆ ಮುಂದೆ ದಿನಾ ಹೋಗಿ ಕೂಡ್ತಾಳಂತೆ. ತವರು ಮನೇನೂ ಮಾರಿದ್ರು, ಉಳಿದಿದ್ದು ಅದೊಂದೇ. ನನ್ನವು ಮೂರೂ ಹೊಳೆ ಏರಿದಾಗ ಕೊಚ್ಚಿ ಹೋದ್ವು. ಈಗ ಇರೋದು ನಿನ್ನತ್ರ ಮಾತ್ರ."

ಗಿರಿಯಮ್ಮ ಫೋನ್ ಇಟ್ಟು ಗಿಡದ ಮುಂದೆ ಹೋಗಿ ಕೂತಳು. ಗಿಡವನ್ನೇ ಎತ್ತಿ ಕೊಡೋಣವೆಂದರೆ, ಕೊಟ್ಟ ಗುಲಾಬಿ ಹಿಡಿಯುವುದಿಲ್ಲ. ಉಮಕ್ಕನೂ ಒಬ್ಬರ ಮುಂದೆ ಕೈಯೊಡ್ಡುವವಳಲ್ಲ. ಸತ್ತರೂ ಬಾಯಿಬಿಟ್ಟು ಕೇಳುವುದಿಲ್ಲ. ಒಂದು ದಿನವೆಲ್ಲ ಯೋಚಿಸಿ ಗಿರಿಯಮ್ಮ ಗುತ್ತೆಪ್ಪನಿಂದ ಬಕೆಟ್ಟನ್ನು ಮುಂದಿನ ಕಟ್ಟೆಗೆ ತರಿಸಿದಳು. ಆಮೇಲೆ ಫೋನ್ ಹಚ್ಚಿದಳು.

"ಉಮಕ್ಕ, ಯಾಕೋ ತಲೆ ತಿರುಗ್ತೈತೆ. ಮಿಷನ್ ತಗಂಡು ಬರ್ತೀರಾ?"

ಅರ್ಧ ಗಂಟೆಯಲ್ಲಿ ಆಟೋ ಬಂತು. ಉಮಕ್ಕ ಕೋಲೂರಿಕೊಂಡು ಕಟ್ಟೆ ಹತ್ತಿದಳು, ಗಿಡ ಕಂಡು ನಿಂತುಬಿಟ್ಟಳು. ಬಗ್ಗಲಾಗದ ಮಂಡಿಯಲ್ಲೇ ಬಗ್ಗಿ ಒಂದು ಹೂವನ್ನು ಮೂಸಿದಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಚಲೋ ಬಂದೈತೆ. ಎಲ್ಲಿಂದು?"

"ಯಾರ್ದೋ ಮನೇದ್ರಿ. ನೆನಪಿಲ್ಲ."

ಗಿರಿಯಮ್ಮ ಬದನೆಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಮರೆತವಳಂತೆ ಕಟ್ಟೆಯ ಮೇಲೇ ಬಿಟ್ಟು ಎದ್ದಳು. "ಇಲ್ಲೇ ಬಿಸಿಲಿಗೆ ಕೂಡ್ರಿ. ಚಾ ಮಾಡ್ತೀನಿ. ಶುಂಠಿ ಜಜ್ಜಬೇಕು, ಹೊತ್ತಾಗುತ್ತೆ."

ಒಳಗೆ ಹೋಗಿ ಶುಂಠಿ ಜಜ್ಜಿದಳು. ಸದ್ದು ಸಾಲದು ಅನ್ನಿಸಿ ಎರಡು ತಟ್ಟೆ ಕೆಡವಿದಳು. ಮೂರನೆಯದನ್ನು ಎತ್ತಿಕೊಂಡವಳ ಕೈ ಹಾಗೇ ನಿಂತಿತು. ಅವತ್ತಿನ ಢಣಢಣ, ಎಷ್ಟು ಹೊತ್ತಾದರೂ ಬಾರದ ಚಾ, ಮೆಟ್ಟಿಲಲ್ಲಿ ಕೆಮ್ಮು. ಉಮಕ್ಕನಿಗೆ ಮಂಡಿನೋವಿತ್ತು, ಸಕ್ಕರೆಯಿತ್ತು, ಥೈರಾಯಿಡ್ ಇತ್ತು. ಕೆಮ್ಮು ಯಾವತ್ತು ಇತ್ತು?

ಗಿರಿಯಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಚಾ ಎರಡು ಸಲ ಉಕ್ಕಿತು. ಕಣ್ಣೊರೆಸಿಕೊಂಡು, ಹೊಸ್ತಿಲ ಈಚೆಗೇ ನಿಂತು, ಜೋರಾಗಿ ಮೂರು ಸಲ ಕೆಮ್ಮಿದಳು.

ಹೊರಗೆ ಉಮಕ್ಕ ನೆಟ್ಟಗೆ ಕೂತಿದ್ದಳು. ಸೆರಗನ್ನು ಎರಡೂ ಹೆಗಲು ಮುಚ್ಚುವಂತೆ ಹೊದ್ದಿದ್ದಳು.

"ಕೆಮ್ಮು ಐತಲ್ರಿ ನಿಮ್ಗೆ. ಕಷಾಯ ಕುಡೀರಿ" ಎಂದಳು, ರಸ್ತೆ ನೋಡುತ್ತ.

"ಕುಡೀತೀನ್ರಿ."

ಮಿಷನ್ ಗಿರಿಯಮ್ಮನದು ನೂರಾ ಇಪ್ಪತ್ತನಾಲ್ಕು ಎಂದಿತು. "ನಿಮ್ದೇನೂ ಇಲ್ವಲ್ರೀ!" ಎಂದು ಉಮಕ್ಕ ಗದರಿದಳು.

"ನೀವು ಬಂದ್ರಲ್ಲ, ಇಳೀತು. ನಿಮ್ಮ ಕೈ ತರ್ರಿ."

"ನಂದ್ಯಾಕ? ಬ್ಯಾಡ..."

"ತರ್ರಿ."

ಪಟ್ಟಿ ಬಿಗಿಯಿತು. ನೂರಾ ಎಂಬತ್ತೊಂದು. ಇಬ್ಬರೂ ಆ ಅಂಕಿಯನ್ನು ನೋಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಿರಿಯಮ್ಮ ಮೆಲ್ಲಗೆ ಪಟ್ಟಿ ಬಿಚ್ಚಿ ಮಡಿಚಿಟ್ಟಳು.

"ಏನೂ ಆಗಿಲ್ಲ, ಮನೆಗೆ ಹೋದ್ರೆ ಇಳಿಯುತ್ತೆ. ಆಟೋದಾಗೆ ಎಡಗಡೆ ಮಾತ್ರ ವಾಲಬ್ಯಾಡ್ರಿ."

ಉಮಕ್ಕನ ತುಟಿ ಅದುರಿತು. ನಕ್ಕರೆ ಚುಚ್ಚುತ್ತದೆಂದು ಗಿರಿಯಮ್ಮನಿಗೆ ಗೊತ್ತಿತ್ತು. ಚಾ ಲೋಟವನ್ನು ಬೇಗ ಕೈಗೆ ಕೊಟ್ಟಳು.

ಆಟೋ ತಿರುವು ದಾಟಿದ ಮೇಲೆ ಅವಳು ಬಕೆಟ್ಟಿನ ಹತ್ತಿರ ಬಂದು ಕೂತಳು. ನಡುವಿನ ಒಳ್ಳೆಯ ಕೊಂಬೆಯನ್ನೇ, ಉಮಕ್ಕ ಯಾವಾಗಲೂ ಹೇಳಿಕೊಡುತ್ತಿದ್ದಂತೆ ಓರೆಯಾಗಿ, ಕೊಯ್ದಾಗಿತ್ತು. ಗಿರಿಯಮ್ಮ ಒಳಗಿನಿಂದ ಚಿಟಿಕೆ ಅರಿಶಿನ ತಂದು, ಇನ್ನೂ ಹಸಿಯಾಗಿದ್ದ ಆ ಗಾಯಕ್ಕೆ ಹಚ್ಚಿದಳು.