ಬಾಣಂತಿ ಕೋಣೆಯ ಗೋಡೆ

ಆ ಚಳಿಗಾಲದಲ್ಲಿ ಮತೀನನಿಗೆ ಬೇಕಾಗಿದ್ದದ್ದು ಒಂದೇ ಒಂದು. ತಂಗಿ ಇಫ್ಫತ್‌ಳ ಕೂಸು ಉಸಿರಾಡಬೇಕು. ಕೆಮ್ಮದೆ, ಗೊರಗುಟ್ಟದೆ, ನೆಟ್ಟಗೆ ಉಸಿರಾಡಬೇಕು. ಇದೇನು ಆಕಾಶದಿಂದ ಚಂದ್ರನನ್ನು ಇಳಿಸಿಕೊಡು ಎನ್ನುವಂಥ ಆಸೆಯೇ, ಹೇಳಿ? ಬೀದಿಯ ಕೋಳಿಮರಿಗೂ ಸಿಕ್ಕುವಂಥದ್ದು. ಆದರೆ ಇಫ್ಫತ್ ಹಿಂದೆ ಎರಡು ಸಲ ಹೆರಿಗೆಗೆಂದು ತವರಿಗೆ ಬಂದು, ಬರಿಗೈಯಲ್ಲಿ ಅತ್ತುಕೊಂಡು ನಾಗಮಂಗಲದ ಗಂಡನ ಮನೆಗೆ ವಾಪಸು ಹೋಗಿದ್ದವಳು. ಈ ಮೂರನೆಯದು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಬೆಕ್ಕಿನ ಮರಿಯಷ್ಟಿತ್ತು. ಎದೆ ಇನ್ನೂ ಬಲಿತಿಲ್ಲ, ಹೊಗೆ ಮಾತ್ರ ತಾಗಿಸಬೇಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಹೊಗೆ ತಾಗಿಸಬೇಡಿ ಎಂದರೆ ಆಯಿತೇ? ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಮತೀನನ ಮನೆಗೂ ಅವನ ರೇಷ್ಮೆ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಈಚೆ ಬಾಣಂತಿ ಕೋಣೆ, ಆಚೆ ಬಾಯ್ಲರು. ಅದರ ಹಬೆ ಪೈಪಿನಲ್ಲಿ ಹರಿದು ತೊಟ್ಟಿಗಳಿಗೆ ಹೋಗಬೇಕು, ತೊಟ್ಟಿಯಲ್ಲಿ ಗೂಡು ಬೇಯಬೇಕು, ಬೆಂದ ಗೂಡಿನಿಂದ ಹೆಂಗಸರು ಎಳೆ ತೆಗೆಯಬೇಕು. ಮೊದಲು ಸೌದೆ ಉರಿಯುತ್ತಿತ್ತು. ಸೌದೆ ಸಿಕ್ಕದಂತಾದ ಮೇಲೆ ಕಲ್ಲಿದ್ದಲು ಬಂತು. ಬಂತು ನೋಡಿ ಮಾರಿ! ಗಿಡ್ಡ ಚಿಮಣಿಯಿಂದ ಕಪ್ಪು ಹೊಗೆ ಸುತ್ತಿ ಸುತ್ತಿ ಇಳಿದು, ಒಣಗಲು ಹಾಕಿದ ಬಟ್ಟೆ, ಮುಚ್ಚಿಟ್ಟ ಹಾಲು, ಕೂಸಿನ ಮೂಗಿನ ಹೊಳ್ಳೆ ಯಾವುದನ್ನೂ ಬಿಡಲಿಲ್ಲ. ಇಫ್ಫತ್ ಬಿಳಿ ಬಟ್ಟೆಯಲ್ಲಿ ಮಗುವಿನ ಮೂಗೊರೆಸಿ, ಆ ಬಟ್ಟೆಯನ್ನು ಅಣ್ಣನ ಮುಂದೆ ಹಿಡಿದಳು.

"ನೋಡು ಭಾಯಿ" ಎಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಾಯ್ಲರು ನಿಲ್ಲಿಸಬಾರದಿತ್ತೇ ಎಂದು ನೀವು ಕೇಳಬಹುದು. ಅಕ್ಕಿಹೆಬ್ಬಾಳು, ಹೊಣಕೆರೆ ಕಡೆಯ ಗೂಡು ಶೆಡ್ಡಿನ ತುಂಬ ಬಿದ್ದಿತ್ತು. ಬೇಯಿಸದೆ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಕೊಂಡು ಹಾರಿಹೋಗುತ್ತದೆ, ತೂತು ಬಿದ್ದ ಗೂಡಿನಲ್ಲಿ ಎಳೆ ಬರುವುದಿಲ್ಲ. ಎಳೆ ತೆಗೆಯುವ ಸೋಮಮ್ಮನಂಥ ಹೆಂಗಸರು ಆ ಕೆಲಸವನ್ನೇ ನೆಚ್ಚಿಕೊಂಡಿದ್ದರು. ಹಾಗಾದರೆ ತಾಯಿ ಮಗುವನ್ನೇ ಬೇರೆ ಕಡೆ ಇಡಬಾರದಿತ್ತೇ? ಅದನ್ನು ನೀವು ಅವನ ತಾಯಿ ಅಸ್ಗರಿ ಬೇಗಂ ಮುಂದೆ ಹೇಳಿ ನೋಡಬೇಕಿತ್ತು. ಮತೀನ್ ಹೇಳಿ ನೋಡಿದ್ದ.

"ಈ ಕೋಣೆ ಬಿಟ್ಟು ಎಲ್ಲಿಗೆ ಕರ್ಕೊಂಡು ಹೋಗ್ತೀಯಾ?" ಎಂದಳು ತಾಯಿ. "ಹುಟ್ಟಿದಾಗ ನೀನೂ ಇಲ್ಲೇ ಮಲಗಿದ್ದೆ, ಇವಳೂ ಇಲ್ಲೇ ಮಲಗಿದ್ಲು. ಗೋಡೆ ಬೆಚ್ಚಗಿದೆ. ನಲವತ್ತು ದಿನ ಮುಗಿಯೋವರ್ಗೂ ಬಾಣಂತಿ ಹೊಸಿಲು ದಾಟೋ ಹಂಗಿಲ್ಲ."

ಅದು ಸುಳ್ಳೂ ಅಲ್ಲ. ಬಾಯ್ಲರಿನ ಕಾವಿಗೆ ಆ ಗೋಡೆ ಹಗಲೂ ರಾತ್ರಿ ಬೆಚ್ಚಗಿರುತ್ತಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಗೌಡರ ಮನೆಯವರೇ ಆಗಲಿ ಸಾಬರ ಮನೆಯವರೇ ಆಗಲಿ, ಬಾಣಂತಿಯನ್ನು ತಂದು ಒಂದು ಗಳಿಗೆ ಆ ಗೋಡೆಗೆ ಬೆನ್ನು ಕೊಡಿಸಿ ಕೂರಿಸಿಕೊಂಡು ಹೋಗುತ್ತಿದ್ದರು. ಹೊಳೆಯ ಕಡೆಯಿಂದ ಬರುವ ಥಂಡಿ ಗಾಳಿ ಸೋಕಬಾರದೆಂದು ಅಸ್ಗರಿ ಬೇಗಂ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ಹರಿದು ತುರುಕಿದ್ದಳು. ಬಾಗಿಲ ಕೆಳಗೆ ಗೋಣಿಚೀಲ ಒತ್ತರಿಸಿದ್ದಳು. ಬೆಳಗ್ಗೆ ಸಂಜೆ ಲೋಬಾನದ ಧೂಪ ಹಾಕುತ್ತಿದ್ದಳು.

ಆದ್ದರಿಂದ ಉಳಿದದ್ದು ಒಂದೇ ದಾರಿ. ಬಾಯ್ಲರು ಉರಿಯಬೇಕು, ಹೊಗೆ ಬರಬಾರದು. ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಅರೆಬೆಂದ ಇದ್ದಲು, ಅಷ್ಟು ಮತೀನನಿಗೆ ಗೊತ್ತಿತ್ತು. ಕರೆಂಟಿನ ಫ್ಯಾನು ಇಟ್ಟು ಊದಿಸಿದ. ಕರೆಂಟು ಹೋದಾಗಲೆಲ್ಲ ಬೆಂಕಿ ಸೊರಗಿ, ಮೊದಲಿಗಿಂತ ಗಟ್ಟಿ ಹೊಗೆ ಎದ್ದಿತು. ಜಾಲರಿ ಕೆರೆದ, ಇದ್ದಲು ಪುಡಿ ಮಾಡಿದ, ಒದ್ದೆ ಮಾಡಿದ. ತಲೆ ಕೆಟ್ಟು ಹೋಯಿತು. ಕೊನೆಗೆ ಪಾಂಡವಪುರದಲ್ಲಿ ಲೇತ್ ಅಂಗಡಿ ಇಟ್ಟಿದ್ದ ಗೆಳೆಯ ಲೋಕೇಶನ ಹತ್ತಿರ ಹೋಗಿ ಕೂತ.

"ಬಾಯ್ಲರಿನ ಅಬೆನೇ ಒಸಿ ಕದ್ದು ಜಾಲ್ರಿ ಕೆಳಗಿನ ಬೂದಿ ಬಾಯಿಗೆ ಊದ್ಸು ಕಣ್ಲಾ" ಎಂದ ಲೋಕೇಶ. "ಸಣ್ಣ ತೂತಿಂದ ಜೋರಾಗಿ ನುಗ್ಗೋ ಅಬೆ ಪಕ್ಕದ ಗಾಳಿನೂ ಎಳ್ಕೊಂಡೋಯ್ತದೆ. ಕರೆಂಟೂ ಬ್ಯಾಡ, ಗಿರೆಂಟೂ ಬ್ಯಾಡ. ಇದ್ಲು ಕರಗಿ ಜಾಲ್ರಿಗೆ ಮೆತ್ಕೊಳದೂ ಇಲ್ಲ."

"ಹೊಗೆ ನಿಲ್ತದಾ?"

"ನಿಲ್ತದೆ. ಆದ್ರೆ ಚಿಮಣಿ ಎತ್ರ ಮಾಡ್ಸ್‌ಬುಡು. ಒಳೀಕೆ ನುಗ್ಗಿದ್ದೆಲ್ಲ ಆಚೀಕೆ ಓಗ್ಬೇಕಲ್ಲಪ್ಪ."

ಲೋಕೇಶ ಹಿತ್ತಾಳೆಯಲ್ಲಿ ಚೂಪು ಬಾಯಿಯ ನಳಿಗೆ ಕಡೆದುಕೊಟ್ಟ. ಮತೀನ್ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಚಿಮಣಿ ಎತ್ತರಿಸಬೇಕಾದರೆ ಬೆಂಕಿ ಆರಿಸಿ ವಾರಗಟ್ಟಲೆ ಕಾಯಬೇಕು. ಗೂಡು ಮುಗಿಯಲಿ, ಆಮೇಲೆ ಮಾಡಿಸಿದರಾಯಿತು ಎಂದುಕೊಂಡ. ಕಾವು ಉಳಿಯಲಿ ಎಂದು ಚಿಮಣಿಯ ತಗಡಿನ ಮುಚ್ಚಳವನ್ನು ಅರ್ಧ ಮುಚ್ಚಿಡುವ ಅಭ್ಯಾಸ ಅವನ ಅಪ್ಪನ ಕಾಲದಿಂದ ಇತ್ತು, ಅದು ಹಾಗೆಯೇ ಇತ್ತು. ಅಯ್ಯೋ, ಅವನನ್ನು ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸುತ್ತದೆ ಈಗ. ಆದರೆ ಆಗ ಅವನ ತಲೆಯಲ್ಲಿ ಆ ಕಪ್ಪು ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಳಿಗೆ ಹಾಕಿ ಹಬೆ ಬಿಟ್ಟ. ಬೆಂಕಿ ಗುಡುಗಿತು. ಜಾಲರಿಯ ಮೇಲಿನ ಇದ್ದಲು ಕೆಂಪಿನಿಂದ ಬೆಳ್ಳಗಾಯಿತು. ಮತೀನ್ ಹೊರಗೆ ಓಡಿ ಬಂದು ಕತ್ತೆತ್ತಿ ನೋಡಿದ. ಚಿಮಣಿಯ ಕಪ್ಪು ಬೂದಾಯಿತು, ಬೂದು ತೆಳುವಾಯಿತು, ಆಮೇಲೆ ಬಾಯಿಯ ಮೇಲೆ ಬಿಸಿಲು ನಡುಗುವುದು ಮಾತ್ರ ಕಾಣಿಸಿತು. ಎಳೆ ಬಿಟ್ಟು ಎದ್ದು ಬಂದ ಸೋಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಇದೇನಪ್ಪಾ, ಒಲೆ ಉರೀತಾ ಅದೋ ಇಲ್ವೋ ಅಂತ ಬಗ್ಗಿ ನೋಡ್ಬೇಕಲ್ಲ."

ಮತೀನನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅವತ್ತು ಇಫ್ಫತ್ ಮಗುವಿನ ಮೂಗೊರೆಸಿದ ಬಟ್ಟೆ ಬಿಳಿಯದಾಗಿಯೇ ಇತ್ತು. ಕೆಮ್ಮು ಇಳಿಯಿತು. ಬೆಂಕಿ ಬಾಗಿಲು ತೆಗೆದಾಗ ಜ್ವಾಲೆ ಮುಖದ ಮೇಲೇ ಎಗರಿ ಹುಬ್ಬು ಸುಟ್ಟರೂ ಅವನಿಗೆ ಹೆಮ್ಮೆ. ಬೆಂಕಿಗೆ ಬಲ ಬಂದಿದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡ.

ಸುಖ ಬಹಳ ದಿನ ಇರಲಿಲ್ಲ. ಇಫ್ಫತ್‌ಗೆ ತಲೆನೋವು ಶುರುವಾಯಿತು. ನೋಡಲು ಬಂದವರು ರಕ್ತ ಕಮ್ಮಿ ಎಂದರು. ಕೂಸು ನಿದ್ದೆ ಮಾಡತೊಡಗಿತು. ಮಲಗಲಿ ಬಿಡು, ಮಲಗಿದರೆ ಮೈ ಹತ್ತುತ್ತದೆ ಎಂದಳು ಅಸ್ಗರಿ ಬೇಗಂ. ಕೆನ್ನೆ ಕೆಂಪೇರಿದ್ದನ್ನು ಕಂಡು ದೃಷ್ಟಿಬೊಟ್ಟು ದೊಡ್ಡದು ಮಾಡಿದಳು. ಆದರೆ ನಿದ್ದೆ ಹೆಚ್ಚಾಗಿ ಕೂಸು ಹಾಲು ಮರೆಯಿತು. ಬಾಯಿಗೆ ಮೊಲೆ ಇಟ್ಟರೆ ಎರಡು ಗುಟುಕು, ಮತ್ತೆ ತೂಕಡಿಕೆ. ಇಫ್ಫತ್ ವಾಂತಿ ಮಾಡಿಕೊಂಡಳು.

ಮತೀನ್ ತಾಯಿಯ ಮಾತು ಮೀರಿ, ತಂಗಿಯನ್ನೂ ಮಗುವನ್ನೂ ಆಟೋದಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೊರಟ. ದಾರಿಯಲ್ಲಿ ಹೊಳೆಯ ಗಾಳಿ ಮುಖಕ್ಕೆ ಬಡಿಯಿತು. ಸರದಿ ಬರುವ ಹೊತ್ತಿಗೆ ಕೂಸು ಕಣ್ಣರಳಿಸಿ ಕಾಲು ಝಾಡಿಸುತ್ತಿತ್ತು, ಹಸಿವಿಗೆ ಕಿರುಚುತ್ತಿತ್ತು. ಇಫ್ಫತ್‌ಳ ತಲೆನೋವೂ ಇಳಿದಿತ್ತು. ಡಾಕ್ಟರಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಮಗು ಚುರುಕಾಗಿದೆ, ಹಾಲು ಕುಡಿಸಿ ಎಂದು ಕಳಿಸಿದರು. ಅಣ್ಣ ತಂಗಿ ಇಬ್ಬರೂ ನಗುತ್ತ ಮನೆಗೆ ಬಂದರು. ಬಂದು, ಅದೇ ಕೋಣೆಗೆ ಹೋದರು.

ಕತ್ತಲಾಗುವುದರೊಳಗೆ ಕೂಸು ಮತ್ತೆ ಮಂಕಾಯಿತು.

"ಗಾಳಿಗೆ ಒಯ್ದೆ ಅಲ್ವಾ" ಎಂದಳು ಅಸ್ಗರಿ ಬೇಗಂ. ದನಿ ಎತ್ತರಿಸಲಿಲ್ಲ. "ಎರಡು ಹೋಗಿದೆ ಬೇಟಾ. ಇದನ್ನೂ ಕಳಿಸಬೇಡ." ಎಂದು ಇನ್ನೊಂದು ಸೀರೆ ಹರಿದಳು. ಮೇಲಿನ ಗವಾಕ್ಷಿಯನ್ನೂ ಬಿಡದೆ ಮುಚ್ಚಿದಳು.

ಮತೀನ್ ಮಾಡಿದ್ದಾದರೂ ಏನು? ಕಣ್ಣಿಗೆ ಕಾಣದಷ್ಟು ಹೊಗೆ ಇನ್ನೂ ಇರಬೇಕು, ಅದೇ ಮಗುವಿಗೆ ಆಗುತ್ತಿಲ್ಲ ಎಂದುಕೊಂಡ. ಬಾಯ್ಲರಿನ ಮುಂದೆ ನಿಂತು ನಳಿಗೆಯ ತಿರುಪನ್ನು ಇನ್ನಷ್ಟು ಬಿಚ್ಚಿದ. ತೊಟ್ಟಿಗಳಿಗೆ ಹಬೆ ಸಾಲದೆ ಎಳೆ ತುಂಡಾಗತೊಡಗಿತು. ಸೋಮಮ್ಮ ಗೊಣಗಿದಳು. ಎಳೆ ತುಂಡಾದರೆ ಆಗಲಿ, ಮಗು ಉಸಿರಾಡಲಿ ಎಂದ. ತಾಯಿ ಆ ಕಡೆಯಿಂದ ಬಿಗಿ ಮಾಡುತ್ತಿದ್ದಳು, ಮಗ ಈ ಕಡೆಯಿಂದ ಊದುತ್ತಿದ್ದ. ಇಬ್ಬರಿಗೂ ಆ ಕೂಸಿನ ಮೇಲೆ ಪ್ರಾಣ.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ಮತೀನ್ ಇದ್ದಲು ಹಾಕಲು ಬಾಗಿಲು ತೆಗೆದ. ಬೆಂಕಿ ಎಗರಿತು. ಹಿಂದೆ ಸರಿದು ಮುಖ ಒರೆಸಿಕೊಳ್ಳುವಾಗ ಕಣ್ಣು ಬಾಯ್ಲರಿನ ಇಟ್ಟಿಗೆಯ ಮೇಲೆ ಬಿತ್ತು. ಎರಡು ಇಟ್ಟಿಗೆ ನಡುವಿನ ಗಾರೆ ಬಿರಿದಿತ್ತು. ಆ ಬಿರುಕಿನ ಬಾಯಲ್ಲಿ ನೇತಾಡುತ್ತಿದ್ದ ಜೇಡರ ನೂಲು ಹೊರಗಡೆಗೆ ಪಟಪಟನೆ ಹಾರುತ್ತಿತ್ತು. ಒಳಗೆ ಎಳೆದುಕೊಳ್ಳಬೇಕಾದ ಒಲೆ ಹೊರಗೆ ಊದುತ್ತಿತ್ತು. ನುಗ್ಗಿಸಿದ್ದೆಲ್ಲ ಹೋಗಲು ಚಿಮಣಿಯಲ್ಲಿ ದಾರಿ ಸಾಲದೆ, ಸಿಕ್ಕಿದ ಸಂದಿಯಲ್ಲಿ ಹೊರಬರುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಲು ಉರಿದ ವಿಷಗಾಳಿ.

ಈ ಕಡೆ ಬಿರಿದಿದ್ದರೆ ಆ ಕಡೆ?

ಇದ್ದಲಿನ ಸನಿಕೆ ಕೈಯಿಂದ ಬಿತ್ತು. ಮತೀನ್ ಓಡಿದ. ಬಾಣಂತಿ ಕೋಣೆಯ ಬಾಗಿಲು ಗೋಣಿಚೀಲಕ್ಕೆ ಸಿಕ್ಕಿಕೊಂಡಿತ್ತು, ಒದ್ದು ತೆಗೆದ. ಲೋಬಾನದ ವಾಸನೆ, ಬೆಚ್ಚನೆಯ ಕತ್ತಲೆ. ಇಫ್ಫತ್ ಗೋಡೆಗೆ ಬೆನ್ನು ಕೊಟ್ಟು ಒರಗಿದ್ದಳು, ಕೂಸು ಎದೆಯ ಮೇಲಿತ್ತು. ಕರೆದ. ಅಲುಗಾಡಿಸಿದ. ಅವಳ ತಲೆ ಪಕ್ಕಕ್ಕೆ ವಾಲಿತು. ಅವನು ಬೀಸುಕಲ್ಲಿನ ಗೂಟ ಕಿತ್ತುಕೊಂಡು ಕಿಟಕಿಗೆ ಬಡಿದ. ಗಾಜು ಒಡೆಯಿತು, ಹಲಗೆ ಮುರಿಯಿತು, ಸೀರೆಯ ಚೂರುಗಳು ಕಿತ್ತುಬಂದವು. ಸದ್ದು ಕೇಳಿ ಅಡುಗೆಮನೆಯಿಂದ ಬಂದ ಅಸ್ಗರಿ ಬೇಗಂ ಮಗನ ತೋಳಿಗೆ ಜೋತುಬಿದ್ದಳು.

"ಗಾಳಿ ಸೋಕತ್ತೆ ಕಣೋ. ಕೊಂದುಬಿಡ್ತೀಯಾ ಅದನ್ನ?"

"ಗಾಳಿನೇ ಬೇಕು ಅಮ್ಮೀ, ಬಿಡು" ಎಂದು ಅವನು ತಾಯಿಯನ್ನು ತಳ್ಳಿದ. ಜೀವಮಾನದಲ್ಲಿ ಮೊದಲ ಸಲ ತಳ್ಳಿದ.

ತಂಗಿಯನ್ನು ಎತ್ತಿ ಅಂಗಳದಲ್ಲಿ ಮಲಗಿಸಿದ. ಸೋಮಮ್ಮ ಕೂಸನ್ನು ಎತ್ತಿಕೊಂಡು ಓಡಿ ಬಂದಳು. ಬೀದಿಯವರು ಕಾರು ತಂದರು. ಹೆದ್ದಾರಿಯುದ್ದಕ್ಕೂ ಸೋಮಮ್ಮ ಆ ಪುಟ್ಟ ಬಾಯಿಗೆ ಬಾಯಿಟ್ಟು ಊದುತ್ತಲೇ ಇದ್ದಳು. ಮೈಸೂರು ಮುಟ್ಟುವವರೆಗೂ ಊದಿದಳು. ಬಾ ನನ್ನಪ್ಪ, ಒಂದು ಸಲ ಬಾ ಎಂದು ನಡುವೆ ಬೇಡಿಕೊಳ್ಳುತ್ತಿದ್ದಳು. ಮತೀನ್ ಎಲ್ಲ ಕಿಟಕಿ ಇಳಿಸಿ, ತಂಗಿಯ ಮುಖವನ್ನು ಗಾಳಿಗೆ ತಿರುಗಿಸಿ ಹಿಡಿದಿದ್ದ. ಊರು ದಾಟುವಾಗ ಅವಳ ತುಟಿ ಅಲುಗಾಡಿತು. ಕೂಸು ಅಲುಗಾಡಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ತಾಯಿಗೆ ಆಕ್ಸಿಜನ್ ಕೊಡುತ್ತಿದ್ದೇವೆ, ಉಳಿದುಕೊಳ್ಳುತ್ತಾಳೆ ಎಂದರು. ಮಗುವಿನ ವಿಷಯಕ್ಕೆ ಅಡ್ಡಡ್ಡ ತಲೆ ಆಡಿಸಿದರು. ಕೋಣೆಯ ವಿಷಯ ಸೋಮಮ್ಮ ಹೇಳಿದ್ದಳು, ಆಮೇಲೆ ಅದನ್ನೇ ಕೇಳಿದರು.

"ಇದ್ದಲು ಒಲೆ ಪಕ್ಕದಲ್ಲಿ, ಅಷ್ಟು ಚಿಕ್ಕ ಕೋಣೆ. ಒಂದು ಸಂದೀನೂ ಬಿಡದೆ ಯಾರು ಮುಚ್ಚಿದ್ದು?"

"ನಾನೇ ಮೇಡಂ" ಎಂದ ಮತೀನ್. "ಪೈಪು ಹಾಕಿದ್ದೂ ನಾನೇ, ಬಟ್ಟೆ ತುರುಕಿದ್ದೂ ನಾನೇ. ಅಮ್ಮನಿಗೆ ಏನೂ ಗೊತ್ತಿಲ್ಲ."

ಬೆಂಚಿನ ಮೇಲಿದ್ದ ಅಸ್ಗರಿ ಬೇಗಂ ಗೋಡೆ ಹಿಡಿದು ಎದ್ದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ, ಬಾಯಿ ಬಡಿದುಕೊಂಡಿರಲಿಲ್ಲ, ಬರಿದೆ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಸುಳ್ಳು ಹೇಳ್ತಾವ್ನೆ" ಎಂದಳು. "ಬಟ್ಟೆ ತುರುಕಿದ್ದು ನಾನು, ಪೈಪು ಹಾಕಿದ್ದು ಅವನು. ಮಗೂಗೋಸ್ಕರನೇ ಮಾಡಿದ್ವಿ, ಇಬ್ರೂವೆ."

ಡಾಕ್ಟರಮ್ಮ ಅವಳ ಭುಜ ಮುಟ್ಟಿ ಒಳಗೆ ಹೋದರು. ಸೋಮಮ್ಮ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು. ನಾಗಮಂಗಲದಿಂದ ಇಫ್ಫತ್‌ಳ ಗಂಡ ಫೈಸಲ್ ಹೊರಟಿದ್ದಾನೆ ಎಂದು ಫೋನು ಬಂತು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸೊಬ್ಬಳು ಬಾಗಿಲಲ್ಲಿ ಕಾಣಿಸಿಕೊಂಡಳು. "ಇಫ್ಫತ್ ಕಡೆಯವ್ರು ಯಾರು? ಎಚ್ಚರ ಆಗವ್ರೆ. ಎದೇಲಿ ಹಾಲು ಕಟ್ಕೊಂಡು ನೋಯ್ತಾ ಅದಂತೆ, ಮಗೂನ ತಂದ್ಕೊಡಿ ಅಂತಾವ್ರೆ" ಎಂದಳು.

ತಾಯಿ ಮತೀನನ ಕೈ ಹಿಡಿದುಕೊಂಡಳು. ಇದ್ದಲಿನ ಮಸಿ ಅವಳ ಅಂಗೈಗೂ ಹತ್ತಿತು. ಇಬ್ಬರೂ ವಾರ್ಡಿನೊಳಗೆ ಹೋದರು. ಇಫ್ಫತ್ ಮುಖದ ಮೇಲಿನ ಮಾಸ್ಕನ್ನು ಪಕ್ಕಕ್ಕೆ ಸರಿಸಿ, ಕುಪ್ಪಸದ ಗುಂಡಿ ಬಿಚ್ಚಿಕೊಂಡು, ಬಾಗಿಲ ಕಡೆ ತೋಳು ಚಾಚಿದ್ದಳು.